ವೀರಣ್ಣನ ಜೀಪು, ಖಾಸಿಂ ಸಾಬರ ಕೈ

ಆ ಜೀಪಿನ ಎಂಜಿನ್ ಎಣ್ಣೆ ಸೋರಿದ್ದು ನನ್ನಿಂದ. ಖಾಸಿಂ ಸಾಬರ ಕೈಕೆಲಸದಿಂದ ಅಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವರ ಮೇಲೆ ಸುದ್ದಿ ಬರೆದೆ. ಬರೆದದ್ದು ಅಚ್ಚಾಯಿತು, ಊರು ಓದಿತು, ನಂಬಿತು. ಹಳೆ ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ತಮ್ಮ ಸಮ ಇನ್ನೊಬ್ಬರಿಲ್ಲ ಎನಿಸಿಕೊಂಡಿದ್ದ ಮನುಷ್ಯ, ಎಂಜಿನ್ ಮುಟ್ಟುವುದನ್ನೇ ಬಿಟ್ಟರು.

ವಿಷಯ ಇಷ್ಟೇ. ಸುದ್ದಿಯಾಗಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಇದು ಹೇಗಾಯಿತು, ಎಲ್ಲೆಲ್ಲಿ ನಾನು ಬಾಯಿ ಬಿಡಬಹುದಾಗಿತ್ತು, ಎಲ್ಲೆಲ್ಲಿ ಬಿಡಲಿಲ್ಲ — ಅದನ್ನೂ ಬರೆಯಬೇಕು. ಅಂಥ ಜಾಗ ಒಂದೇ ಆಗಿದ್ದರೆ ಇದನ್ನು ಮರೆವು ಎನ್ನಬಹುದಿತ್ತು. ಒಂದಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಒಂದು ಜಿಲ್ಲಾ ಪತ್ರಿಕೆಗೆ ಹಗರಿಬೊಮ್ಮನಹಳ್ಳಿಯಿಂದ ಸುದ್ದಿ ಕಳಿಸುತ್ತಿದ್ದೆ. ಅದೇ ಪತ್ರಿಕೆಯ ಏಜೆಂಟ್ ವೀರಣ್ಣ. ಹೊಸಪೇಟೆಯಿಂದ ಬೆಳಗಿನ ಜಾವ ಬಂದಿಳಿಯುವ ಬಂಡಲುಗಳನ್ನು ತನ್ನ ಹಳೆಯ ಡೀಸೆಲ್ ಜೀಪಿನಲ್ಲಿ ಹಾಕಿಕೊಂಡು ಕೊಟ್ಟೂರು, ಅಲ್ಲಿಂದ ಹರಪನಹಳ್ಳಿಯವರೆಗೆ ಮುಟ್ಟಿಸಿ ಬರುವುದು ಅವನ ಕೆಲಸ. ವಾರದಲ್ಲಿ ಮೂರು ನಾಲ್ಕು ದಿನ ನಾನೂ ಅವನ ಪಕ್ಕದಲ್ಲಿ ಕೂತು ಹೋಗುತ್ತಿದ್ದೆ. ದಾರಿಯ ಊರುಗಳಲ್ಲಿ ಇಳಿದು ಸುದ್ದಿ ಕೇಳಿಕೊಂಡು ಬರಲು ನನಗೆ ಬೇರೆ ವಾಹನವಿರಲಿಲ್ಲ.

ಜೀಪು ವೀರಣ್ಣನ ಕೈಗೆ ಬರುವ ಹೊತ್ತಿಗೇ ಮುದಿಯಾಗಿತ್ತು. ಎಂಜಿನ್ನಿನ ಒಳಗೆ ಕೂಡುವ ಹೊಗೆ ಹೊರಗೆ ಹೋಗಲೆಂದು ಅದರ ಪಕ್ಕದಿಂದ ಒಂದು ಕೊಳವೆಯನ್ನು ಕೆಳಕ್ಕೆ ಇಳಿಬಿಟ್ಟಿರುತ್ತಾರೆ, ಹೆಬ್ಬೆರಳಿನ ಗಾತ್ರದ್ದು. ಮೆಕ್ಯಾನಿಕ್‌ಗಳು ಬ್ರೀದರ್ ಪೈಪು ಎನ್ನುತ್ತಾರೆ. ಹೊಸ ಎಂಜಿನ್ನಿನಲ್ಲಿ ಅದು ಇದೆಯೆಂದೇ ತಿಳಿಯುವುದಿಲ್ಲ. ವೀರಣ್ಣನ ಜೀಪಿನಲ್ಲಿ ಮಾತ್ರ ಎಣ್ಣೆ ಬೆರೆತ ನೀಲಿ ಹೊಗೆ ಅದರಿಂದ ಸದಾ ಬರುತ್ತಿತ್ತು. ಗೇರಿನ ಬುಡದಲ್ಲಿ ತಗಡು ತುಕ್ಕು ತಿಂದು ತೂತು ಬಿದ್ದಿತ್ತು. ಆ ತೂತಿನಿಂದ ಹೊಗೆ ಮೇಲೆ ಬಂದು, ನನ್ನ ಕಾಲ ಬಳಿ ಇಟ್ಟ ಕೊಟ್ಟೂರಿನ ಬಂಡಲಿಗೆ ಹತ್ತುತ್ತಿತ್ತು. ಮೇಲಿನ ಹತ್ತು ಹದಿನೈದು ಪತ್ರಿಕೆಗಳ ಅಂಚು ಜಿಡ್ಡಾಗುತ್ತಿತ್ತು.

ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಪತ್ರಿಕೆ ಮಾರುವವನು ಒಂದು ದಿನ ಎಲ್ಲರೆದುರು ನನ್ನನ್ನು ಹಿಡಿದುಕೊಂಡ.

"ಏನ್ರೀ ರಿಪೋರ್ಟರ್ ಸಾಹೇಬ್ರ, ಮಂದಿ ಓದಿ ಮುಗಿಸಿದ ಮ್ಯಾಗ ಪೇಪರಿನ್ಯಾಗ ಮಿರ್ಚಿ ಕಟ್ತಾರ. ನೀವು ಓದೋಕಿಂತ ಮೊದ್ಲ ಎಣ್ಣಿ ಹಚ್ಚಿ ಕಳಸಾಕ ಹತ್ತೀರಿ."

ಸುತ್ತಲಿದ್ದವರು ನಕ್ಕರು. ವೀರಣ್ಣನೂ ನಕ್ಕ. ಆ ದಿನದ ಪತ್ರಿಕೆಯಲ್ಲಿ ನನ್ನ ಹೆಸರು ಹಾಕಿದ ಬರಹವೊಂದಿತ್ತು. ಜಿಡ್ಡು ಸರಿಯಾಗಿ ಅದರ ಮೇಲೆಯೇ ಇತ್ತು. ನಾನು ನಗಲಿಲ್ಲ.

ಅದು ಮೆಕ್ಕೆಜೋಳ ಒಕ್ಕುವ ಕಾಲ. ವಾಪಸು ಬರುವಾಗ ವೀರಣ್ಣ ರಸ್ತೆ ಬದಿಯ ಒಂದು ಕಣದ ಬಳಿ ಜೀಪು ನಿಲ್ಲಿಸಿ ಪರಿಚಯದವರ ಜೊತೆ ಮಾತಿಗೆ ನಿಂತ. ಕಾಳು ಬಿಡಿಸಿದ ಬೆಂಡುಗಳ ರಾಶಿ ಪಕ್ಕದಲ್ಲೇ ಬಿದ್ದಿತ್ತು. ನಮ್ಮ ಕಡೆ ಸೀಮೆಎಣ್ಣೆ ಡಬ್ಬಿಯ ಮುಚ್ಚಳ ಕಳೆದರೆ ಬಾಯಿಗೆ ಬಡಿಯುವುದು ಅದನ್ನೇ. ಒಂದು ಬೆಂಡು ಮುರಿದುಕೊಂಡೆ. ಜೀಪಿನ ಕೆಳಗೆ ಬಗ್ಗಿ, ಕೊಳವೆಯ ಬಾಯಿಗೆ ಇಟ್ಟು, ಕಲ್ಲಿನಿಂದ ಎರಡು ಏಟು ಕೊಟ್ಟೆ. ಬಿಗಿಯಾಗಿ ಕೂತಿತು. ಹೊಗೆ ನಿಂತಿತು. ವೀರಣ್ಣನಿಗೆ ಹೇಳಲಿಲ್ಲ. ಹೇಳುವಂಥ ದೊಡ್ಡ ವಿಷಯ ಎನಿಸಲಿಲ್ಲ. ಮರುದಿನದಿಂದ ಪತ್ರಿಕೆಗಳು ಬೆಳ್ಳಗೆ ಹೋದವು.

ಎರಡು ವಾರ ಕಳೆದಿರಬೇಕು. ಜೀಪು ನಿಂತಲ್ಲೆಲ್ಲ ನೆಲದ ಮೇಲೆ ಎಣ್ಣೆಯ ಹನಿಗಳು ಕಾಣತೊಡಗಿದವು. ಮೊದಲು ಬೇಳೆಯಷ್ಟು, ಆಮೇಲೆ ಅಂಗೈಯಷ್ಟು. ವೀರಣ್ಣ ಅಳತೆ ಕಡ್ಡಿ ಎಳೆದು ನೋಡಿದ. ಎಣ್ಣೆ ಕೆಳಗಿನ ಗೆರೆಗಿಂತ ಇಳಿದಿತ್ತು. "ಖಾಸಿಮಣ್ಣನ ಕಡಿ ಒಯ್ಯಬೇಕು" ಎಂದ.

ಖಾಸಿಂ ಸಾಬರ ಗ್ಯಾರೇಜು ಹಳೆಯ ಎಣ್ಣೆ ಗಿರಣಿಯ ಹಿಂದೆ ಇತ್ತು. ಒಂದು ತಗಡಿನ ಚಪ್ಪರ, ಅದಕ್ಕೆ ಹೊಂದಿಕೊಂಡೇ ಅವರ ಮನೆ. ಟ್ರ್ಯಾಕ್ಟರು, ಜೀಪು, ನೀರೆತ್ತುವ ಡೀಸೆಲ್ ಎಂಜಿನ್ನು — ಸುತ್ತಲ ಹಳ್ಳಿಗಳಿಂದ ಅವರ ಹತ್ತಿರವೇ ಬರುತ್ತಿದ್ದವು. ಮಾತು ಕಡಿಮೆ. ಎಂಜಿನ್ನು ಚಾಲೂ ಮಾಡಿಸಿ, ಮುಚ್ಚಳದ ಮೇಲೆ ಅಂಗೈ ಇಟ್ಟು, ತಲೆ ಒಂದು ಕಡೆ ವಾಲಿಸಿ ನಿಲ್ಲುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿದರೆ ಇನ್ನೊಂದು ಕೈ ಎತ್ತಿ ಸುಮ್ಮನಾಗಿಸುತ್ತಿದ್ದರು.

ಗ್ಯಾರೇಜಿಗೆ ಹೋಗುವ ಬೆಳಿಗ್ಗೆ ನಾನು ಆ ಬೆಂಡನ್ನು ಕಿತ್ತು ಹೆಗಲ ಚೀಲಕ್ಕೆ ಹಾಕಿಕೊಂಡೆ. ಇದನ್ನು ಸರಿಯಾಗಿ ದಾಖಲಿಸಬೇಕು: ಆಗ ನನಗೆ ಸೋರಿಕೆಗೂ ಬೆಂಡಿಗೂ ಸಂಬಂಧವಿದೆ ಎಂದು ಗೊತ್ತಿರಲಿಲ್ಲ. ಓದಿದವನು, ಪೇಪರಿನವನು, ಜೀಪಿಗೆ ಜೋಳದ ಬೆಂಡು ಬಡಿದಿದ್ದಾನೆ ಎಂದು ಖಾಸಿಂ ಸಾಬರು ನಗುತ್ತಾರೆ ಎಂಬುದಷ್ಟೇ ನನ್ನ ಅಳುಕು. ಕೊಟ್ಟೂರಿನ ನಗು ಇನ್ನೂ ಕಿವಿಯಲ್ಲಿತ್ತು. ಒಂದು ನಗುವಿಗೆ ಹೆದರಿ —

ಅವರು ಎಂಜಿನ್ನನ್ನು ಡೀಸೆಲ್ ಹಾಕಿ ಬ್ರಷ್ಷಿನಿಂದ ತೊಳೆದರು. ಬಟ್ಟೆಯಿಂದ ಒರೆಸಿದರು. ಪೂರಾ ಒಣಗಿದ ಮೇಲೆ ಮನೆಯೊಳಗಿಂದ ಮುಖದ ಪೌಡರಿನ ಡಬ್ಬಿ ತರಿಸಿ, ಅಂಗೈಗೆ ಹಾಕಿಕೊಂಡು ಎಂಜಿನ್ನಿನ ಸುತ್ತಲೂ ಊದಿದರು. ಎಂಜಿನ್ನು ಹಿಟ್ಟಿನ ಗಿರಣಿಯಿಂದ ಬಂದಂತೆ ಬೆಳ್ಳಗಾಯಿತು. ಎಣ್ಣೆ ಎಲ್ಲಿಂದ ಹೊರಡುತ್ತದೆಯೋ ಅಲ್ಲಿ ಪೌಡರು ತೊಯ್ದು ಗೆರೆ ಮೂಡುತ್ತದೆ. ಕೆಳಗೆ ಹನಿಯುವ ಜಾಗ ನೋಡಿದರೆ ಮೋಸಹೋಗುತ್ತೇವೆ, ಹುಟ್ಟುವ ಜಾಗ ನೋಡಬೇಕು — ಇದು ಅವರ ಪದ್ಧತಿ.

ಅವರ ಹೆಂಡತಿ ಮಹಬೂಬಿ ಬಾಗಿಲಲ್ಲಿ ನಿಂತು, "ನೋಡ್ರಿ, ಲಗ್ನಾಗಿ ಇಷ್ಟು ವರ್ಷಾತು, ನನ್ನ ಮಾರಿಗಿಂತ ಜೀಪಿನ ಮಾರಿಗೇ ಪೌಡರ್ ಜಾಸ್ತಿ" ಎಂದರು.

"ಅದು ಸೋರತೈತಿ. ನೀನೇನು ಸೋರ್ತೀಯೇನು?" ಎಂದರು ಖಾಸಿಂ ಸಾಬರು, ಎಂಜಿನ್ನಿನಿಂದ ಕಣ್ಣು ತೆಗೆಯದೆ.

ಅರ್ಧ ಗಂಟೆ ಓಡಿಸಿದ ಮೇಲೆ ಮುಂದಿನ ಸೀಲಿನ ಬಳಿ — ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರ್ ಬಳೆ ಅದು — ಸಣ್ಣ ತೇವ ಕಾಣಿಸಿತು. ಅದನ್ನು ಬದಲಿಸಿದರು. ಜೀಪು ಒಣಗಿಯೇ ಹೊರಗೆ ಬಂತು.

ಹೊಗೆಯೂ ಮತ್ತೆ ಬಂತು. ಬಂಡಲಿಗೆ ಜಿಡ್ಡು ಹತ್ತಿತು. ನಾನು ಮತ್ತೆ ಬೆಂಡು ಬಡಿದೆ.

ಹತ್ತು ದಿನಕ್ಕೆ ಎಣ್ಣೆ ಸೋರತೊಡಗಿತು. ಈ ಸಲ ಮುಂದಿನ ಸೀಲಿನ ಜೊತೆಗೆ ಮೇಲಿನ ಮುಚ್ಚಳದ ಅಂಚಿನಿಂದಲೂ, ಹಿಂಭಾಗದಿಂದಲೂ. ವೀರಣ್ಣನ ಮುಖ ಬಿಗಿಯಿತು. ಮತ್ತೆ ಗ್ಯಾರೇಜು. ಮತ್ತೆ ನಾನು ಬೆಳಿಗ್ಗೆಯೇ ಬೆಂಡು ಕಿತ್ತು ಚೀಲಕ್ಕೆ ಹಾಕಿಕೊಂಡೆ, ಕೊಳವೆಯ ಬಾಯಿಗೆ ಅಂಟಿದ್ದ ಹೊಟ್ಟನ್ನು ಕರವಸ್ತ್ರದಿಂದ ಒರೆಸಿದೆ. ಎರಡನೆಯ ಸಲ ಯಾಕೆ ಒರೆಸಿದೆ? ಆಗಲೇ ಒಳಗೆಲ್ಲೋ ಸಂಶಯ ಹುಟ್ಟಿತ್ತೇ? ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹುಟ್ಟಿರಲಿಲ್ಲ ಎಂದು ಪ್ರಮಾಣ ಮಾಡಲಾರೆ.

ಆ ದಿನ ಖಾಸಿಂ ಸಾಬರು ಕೂಡಲೇ ಕೆಲಸ ಶುರು ಮಾಡಲಿಲ್ಲ. ಎಂಜಿನ್ನಿನ ಸುತ್ತ ಎರಡು ಸುತ್ತು ಬಂದರು. ತಮ್ಮ ಕೈಯಾರೆ ಕೂರಿಸಿದ ಸೀಲನ್ನು ಉಗುರಿನಿಂದ ಮುಟ್ಟಿ ನೋಡಿದರು.

"ಇದು ಸೋರಂಗಿಲ್ಲ" ಎಂದರು.

"ಸೋರಂಗಿಲ್ಲ ಅಂದ್ರ ನೆಲದ ಮ್ಯಾಗ ಬಿದ್ದಿದ್ದು ಏನು, ನೀರೇನು?" ವೀರಣ್ಣ ಕೇಳಿದ.

"ತಡಿ ವೀರಣ್ಣ. ಒಂದ ಜಾಗದಾಗ ಸೋರಿದ್ರ ಸೀಲು ಹೋಗೇತಿ ಅಂತ. ಮೂರು ಜಾಗದಾಗ ಸೋರಾಕ ಹತ್ತಿದ್ರ ಒಳಗಿಂದ ಏನೋ ದಬ್ಬತೈತಿ ಅಂತ. ಎಂಜಿನ್ನಿಗೂ ಉಸಿರು ಬಿಡಾಕ ಒಂದ ದಾರಿ ಬೇಕು. ಆ ದಾರಿ ಕಟ್ಟಿದ್ರ, ಎಲ್ಲಿ ಸಂದಿ ಸಿಗತೈತೋ ಅಲ್ಲಿಂದ ಎಣ್ಣಿ ಹೊರಗ ಬೀಳತೈತಿ."

ಹಾಗೆ ಹೇಳುತ್ತಲೇ ಕೆಳಗೆ ಮಲಗಿ ಕೊಳವೆಯನ್ನು ಬಿಚ್ಚಿ ತೆಗೆದರು. ಬಾಯಿಟ್ಟು ಊದಿದರು. ಗಾಳಿ ಸಲೀಸಾಗಿ ಹೋಯಿತು. ಬೆಳಕಿಗೆ ಹಿಡಿದು ನೋಡಿದರು.

ನನಗೆ ಗೊತ್ತಾಯಿತು. ಆ ಕ್ಷಣ, ಆ ಚಪ್ಪರದ ಕೆಳಗೆ, ಪೂರ್ತಿ ಗೊತ್ತಾಯಿತು. ಬೆಂಡು ನನ್ನ ಸೊಂಟದ ಪಕ್ಕ ತೂಗುತ್ತಿದ್ದ ಚೀಲದಲ್ಲಿ, ನೋಟ್‌ಬುಕ್ಕಿನ ಜೊತೆಗಿತ್ತು. ಅದರ ಎಣ್ಣೆ ಚೀಲದ ಬಟ್ಟೆಗೆ ಇಳಿದು ಕಾಣಿಸುತ್ತಿದೆಯೋ ಏನೋ ಎಂದು ಮೊಣಕೈ ಅಡ್ಡ ಹಿಡಿದೆ.

ಖಾಸಿಂ ಸಾಬರು ಕೊಳವೆಯನ್ನು ತಿರುಗಿಸಿ ಅದರ ಬಾಯಿ ನೋಡುತ್ತಿದ್ದರು. "ಇಷ್ಟು ಹಳೀ ಎಂಜಿನ್ನಿನ ಪೈಪು. ಒಳಗ ಮಸಿ ಐತಿ, ಸರಿ. ಬಾಯಿ ಯಾಕ ಇಷ್ಟು ಸಾಫ್ ಐತಿ?" ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಆಮೇಲೆ ನಮ್ಮಿಬ್ಬರ ಕಡೆ ನೋಡಿದರು. "ಯಾರರ ಇದನ್ನ ಮುಟ್ಟೀರೇನು?"

"ನಾ ಯಾಕ ಮುಟ್ಲಿ? ಅದು ಅಲ್ಲೈತಿ ಅಂತ ನನಗ ಗೊತ್ತ ಇಲ್ಲ" ಎಂದ ವೀರಣ್ಣ. ನನ್ನ ಕಡೆ ತಿರುಗಿದ. "ಕೊಟ್ರೇಶಿ, ನೀ ಏನರ ಮುಟ್ಟೀಯೇನೋ?"

"ಇಲ್ಲ."

ಆ ಒಂದು ಪದ. ಹೇಳಲು ಹೊತ್ತೇ ಹಿಡಿಯಲಿಲ್ಲ.

ಖಾಸಿಂ ಸಾಬರು ತಲೆಯಾಡಿಸಿದರು. ಕೆಳಗೆ ಹನಿ ಬೀಳುವುದು ನೋಡಲು ಹಾಸಬೇಕು, ಒಂದು ಹಳೆ ಪೇಪರು ಕೊಡಿ ಎಂದು ಕೇಳಿದರು. ವೀರಣ್ಣ ಸಹಜವಾಗಿ ನನ್ನ ಚೀಲಕ್ಕೆ ಕೈ ಚಾಚಿದ. ನಾನು ಚೀಲವನ್ನು ಹಿಂದಕ್ಕೆ ಎಳೆದುಕೊಂಡೆ. "ಇದರಾಗ ಇಲ್ಲ, ಜೀಪಿನ್ಯಾಗ ಅದಾವು" ಎಂದು ನಾನೇ ಹೋಗಿ ತಂದುಕೊಟ್ಟೆ. ಖಾಸಿಂ ಸಾಬರು ಪೇಪರು ತೆಗೆದುಕೊಳ್ಳುವಾಗ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು ಎಂದು ಆಗ ಅನಿಸಿತ್ತು. ಅವರು ನೋಡಿರಲಿಕ್ಕಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಒಂದು ಗಂಟೆ ಎಂಜಿನ್ನು ಓಡಿತು. ನಾವು ಮೂವರೂ ಪೌಡರ್ ಬಳಿದ ಆ ಎಂಜಿನ್ನನ್ನೇ ನೋಡುತ್ತ ನಿಂತಿದ್ದೆವು. ಅದು ಈಗ ಸೋರಲಿ, ಒಂದೇ ಒಂದು ಹನಿ ಬೀಳಲಿ, ಕಾರಣ ಬೇರೆಯೇ ಎಂದಾಗಲಿ ಎಂದು ಬೇಡಿಕೊಂಡೆ. ಹನಿ ಬೀಳಲಿಲ್ಲ. ಪೇಪರು ಒಣಗಿಯೇ ಇತ್ತು.

"ರಸ್ತೆ ಮ್ಯಾಗ ಸೋರೋದು ಇಲ್ಲಿ ಸೋರಂಗಿಲ್ಲ. ಇಲ್ಲಿಂದ ಹೋದ ಹತ್ತ ದಿನಕ್ಕ ಮತ್ತ ಸೋರತೈತಿ" ಎಂದ ವೀರಣ್ಣ. ದನಿ ಬದಲಾಗಿತ್ತು. "ಮೊದ್ಲು ಒಂದ ಕಡಿ ಸೋರತಿತ್ತು. ನಿನ್ನ ಕೈ ಮುಟ್ಟಿದ ಮ್ಯಾಗ ಮೂರು ಕಡಿ ಆತು. ನಾ ಏನು ತಿಳ್ಕಬೇಕು ಖಾಸಿಮಣ್ಣ?"

ಖಾಸಿಂ ಸಾಬರು ಎಂಜಿನ್ನು ಬಂದ್ ಮಾಡಿ, ಎಲ್ಲ ಪ್ಯಾಕಿಂಗುಗಳನ್ನೂ ಸೀಲುಗಳನ್ನೂ ಬಿಚ್ಚಿ ಹೊಸದಾಗಿ ಹಾಕಲು ಕೂತರು. ಅವರು ಬಿಚ್ಚುತ್ತಿದ್ದುದೆಲ್ಲ ಸರಿಯಾಗಿಯೇ ಇತ್ತು. ಅದು ಅವರಿಗೂ ಕಾಣುತ್ತಿತ್ತು. ಒಂದೊಂದನ್ನೂ ಬೆಳಕಿಗೆ ಹಿಡಿದು, ತಪ್ಪು ಹುಡುಕಿ, ಸಿಗದೆ, ಪಕ್ಕಕ್ಕಿಡುತ್ತಿದ್ದರು. ಸಂಜೆಯವರೆಗೆ ಅದನ್ನು ನೋಡಿದೆ. ಬೆಂಡು ನನ್ನ ಹತ್ತಿರವೇ ಇತ್ತು.

ಆ ಸಂಜೆ ಅದನ್ನು ಗಿರಣಿಯ ಹಿಂದಿನ ತಿಪ್ಪೆಗೆ ಎಸೆದೆ. ಮತ್ತೆ ಎಂದೂ ಕೊಳವೆಗೆ ಏನನ್ನೂ ಬಡಿಯಲಿಲ್ಲ. ವೀರಣ್ಣ ಗೇರಿನ ಬುಡದ ತೂತಿಗೆ ಗೋಣಿತಟ್ಟು ತುರುಕಿದ, ಬಂಡಲು ಹಿಂದಿನ ಸೀಟಿಗೆ ಹೋಯಿತು. ಜೀಪು ಸೋರುವುದು ನಿಂತಿತು. ಆಗಲೇ ನಿಜವಾದ ಅನಾಹುತವಾದದ್ದು. ಎಲ್ಲಿ ಕೂತರೂ ವೀರಣ್ಣನದು ಒಂದೇ ಮಾತು:

"ಬೈದ ಮ್ಯಾಗ ನಿಂತೈತಿ ನೋಡ್ರಿ. ಅಂದ್ರ ಮೊದ್ಲಿಂದ ಬೇಕಂತನ ಮಾಡ್ಯಾನ. ಸೀಲು ಕೊಯ್ದು ಹಾಕ್ಯಾನ, ಮತ್ತ ಅವನ ಕಡೆನ ಬರ್ಲಿ ಅಂತ."

ನಾನು ಸುಮ್ಮನಾಗಿ ಬೆಂಡು ಎಸೆದದ್ದೇ ಖಾಸಿಂ ಸಾಬರ ವಿರುದ್ಧ ಸಾಕ್ಷಿಯಾಯಿತು.

ಆ ತಿಂಗಳು ಪತ್ರಿಕೆಯ ಕಚೇರಿಯಿಂದ ಸೂಚನೆ ಬಂತು — ಗ್ರಾಹಕರಿಗೆ ಆಗುವ ಮೋಸಗಳ ಬಗ್ಗೆ ತಾಲ್ಲೂಕಿಗೊಂದು ಬರಹ ಕಳಿಸಿ ಎಂದು. ವೀರಣ್ಣ, "ನನ್ನ ಜೀಪಿಂದು ಬರಿ" ಎಂದ. ಪತ್ರಿಕೆ ಹಂಚುವ ನಾಲ್ಕು ಜನ ಅಲ್ಲೇ ಇದ್ದರು. ಬೇಡ ಎಂದಿದ್ದರೆ ಯಾಕೆ ಎನ್ನುತ್ತಿದ್ದರು. ಯಾಕೆ ಎಂಬುದಕ್ಕೆ ನನ್ನಲ್ಲಿ ಒಂದೇ ಉತ್ತರವಿತ್ತು.

ಬರೆದೆ. ಹೊಸ ಸೀಲನ್ನೇ ಉದ್ದೇಶಪೂರ್ವಕವಾಗಿ ಕತ್ತರಿಸಿ ಕೂರಿಸುವ, ಒಂದು ಸೋರಿಕೆ ಮುಚ್ಚಿ ಇನ್ನೆರಡು ತೆರೆಯುವ ಮೆಕ್ಯಾನಿಕ್‌ಗಳ ಬಗ್ಗೆ ಬರೆದೆ. ಹೆಸರು ಹೇಳಲು ಇಚ್ಛಿಸದ ವಾಹನ ಮಾಲೀಕರ ಮಾತು ಹಾಕಿದೆ. ಖಾಸಿಂ ಸಾಬರ ಹೆಸರು ಹಾಕಲಿಲ್ಲ, "ಪಟ್ಟಣದ ಹಳೆ ಎಣ್ಣೆ ಗಿರಣಿ ಹಿಂಭಾಗದ ಗ್ಯಾರೇಜೊಂದರಲ್ಲಿ" ಎಂದೆ. ಅಲ್ಲಿದ್ದದ್ದು ಒಂದೇ ಗ್ಯಾರೇಜು. ಆಪಾದನೆ ಬರೆದರೆ ಆಪಾದಿತನ ಮಾತನ್ನೂ ಕೇಳಿ ಬರೆಯಬೇಕು — ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ ಅದು. ಅದಕ್ಕೂ ಮುಂಚೆ, ಆಮೇಲೆ ಕೂಡ, ಆ ನಿಯಮವನ್ನು ನಾನು ಮುರಿದ ನೆನಪಿಲ್ಲ. ಆ ದಿನ ಮುರಿದೆ. ಗ್ಯಾರೇಜು ನನ್ನ ಕೋಣೆಯಿಂದ ಹತ್ತು ನಿಮಿಷದ ದಾರಿ. ಅವರ ಮಾತು ಏನೆಂದು ಗೊತ್ತಿದ್ದರಿಂದಲೇ ಕೇಳಲಿಲ್ಲ: "ಯಾರೋ ಪೈಪು ಮುಟ್ಟ್ಯಾರ."

ವೀರಣ್ಣನ ಒತ್ತಾಯಕ್ಕೆ ಬರೆದೆ ಎಂದರೆ ಅದೂ ಪೂರ್ತಿ ನಿಜವಲ್ಲ. ಅಚ್ಚಾದರೆ ವಿಷಯ ಇತ್ಯರ್ಥವಾಗುತ್ತದೆ, ಇನ್ನು ಯಾರೂ ಕೊಳವೆಯ ಬಗ್ಗೆ ಕೇಳುವುದಿಲ್ಲ ಎಂಬ ಲೆಕ್ಕಾಚಾರ ನನ್ನೊಳಗೆ ಇತ್ತು. ಆ ವಾರ ಚೆನ್ನಾಗಿ ನಿದ್ದೆ ಬಂತು. ಅದನ್ನೂ ಬರೆದಿಡುತ್ತೇನೆ.

ಮೊದಲು ತಂಬ್ರಹಳ್ಳಿಯ ಬಸನಗೌಡರು ತಮ್ಮ ಟ್ರ್ಯಾಕ್ಟರನ್ನು ಗ್ಯಾರೇಜಿನಿಂದ ಅರ್ಧ ಬಿಚ್ಚಿದ ಹಾಗೆಯೇ ಎಳೆಸಿಕೊಂಡು ಹೋದರು. ಹಡಗಲಿ ಕಡೆ ಬಾಡಿಗೆ ಜೀಪು ಓಡಿಸುತ್ತಿದ್ದ ಹನುಮಂತಪ್ಪ ರಿಪೇರಿಗೆ ಬಿಟ್ಟಿದ್ದ ಜೀಪು ಒಯ್ದ. ಎರಡು ಲಾರಿ ಇಟ್ಟಿದ್ದ, ಊರಿನವನೇ ಆದ ಗುರುಸಿದ್ದಪ್ಪ ಕೂಡ ತನ್ನ ಲಾರಿ ಒಯ್ದ. ಇವರು ಮೂವರು ದೊಡ್ಡ ಗಿರಾಕಿಗಳು, ಉಳಿದವರು ಇವರನ್ನು ನೋಡಿ ಹೋದವರು. ಸಾಬರ ಗ್ಯಾರೇಜು ಎಂಬ ಕಾರಣಕ್ಕೆ ಕೆಲವರಿಗೆ ನಂಬುವುದು ಇನ್ನೂ ಸುಲಭವಾಯಿತು. ಅದನ್ನು ನಾನು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಚಪ್ಪರದ ತಗಡುಗಳು ಇಳಿದವು. ಅವರು ಹರಪನಹಳ್ಳಿಗೆ ಹೋದರೆಂದು ಕೇಳಿದೆ.

ಖಾಸಿಂ ಸಾಬರು ಒಂದು ಸಲವೂ ನನ್ನನ್ನು ಕೇಳಲು ಬರಲಿಲ್ಲ. ಬೈಯಲಿಲ್ಲ. ಸ್ಪಷ್ಟೀಕರಣ ಹಾಕಿ ಎನ್ನಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆನೇ — ಇಲ್ಲ, ಈ ವಾಕ್ಯ ಮುಗಿಸುವ ಹಕ್ಕು ನನಗಿಲ್ಲ. ಯಾಕೆಂದರೆ ಅದಕ್ಕೂ ಅವಕಾಶ ಬಂತು.

ನಾಲ್ಕೈದು ವರ್ಷಗಳಾಗಿದ್ದವು. ನನ್ನ ಬಳಿ ಆಗ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು. ನೀಲಗುಂದಕ್ಕೆ ಹೋಗಿ ಬರುವಾಗ ಹರಪನಹಳ್ಳಿಯ ಹೊರಗೆ ಹಿಂದಿನ ಚಕ್ರ ಪಂಕ್ಚರಾಯಿತು. ತಳ್ಳಿಕೊಂಡು ಮೊದಲು ಸಿಕ್ಕ ಅಂಗಡಿಗೆ ಹೋದೆ. ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವರು ತಲೆ ಎತ್ತಿದರು. ಖಾಸಿಂ ಸಾಬರು. ಗಡ್ಡ ಬೆಳ್ಳಗಾಗಿತ್ತು.

"ಬರ್ರಿ ಕೊಟ್ರೇಶಪ್ಪ" ಎಂದರು. ಕೂರಲು ಸ್ಟೂಲು ಸರಿಸಿದರು.

ಪಂಕ್ಚರ್ ಹಾಕಿದರು. ಚಕ್ರ ಕೂರಿಸುವಾಗ ನನ್ನ ಗಾಡಿಯ ಎಂಜಿನ್ನಿನ ಕೆಳಗೆ ಎಣ್ಣೆಯ ತೇವ ಕಂಡಿರಬೇಕು. ಬೆರಳು ಅತ್ತ ಹೋಯಿತು, ಮುಟ್ಟುವ ಮೊದಲೇ ವಾಪಸು ಬಂತು. "ಎಣ್ಣಿ ಬಿಡಾಕ ಹತ್ತೈತಿ. ಬ್ಯಾರೆ ಕಡಿ ತೋರಸ್ರಿ. ನಾ ಎಂಜಿನ್ ಮುಟ್ಟಂಗಿಲ್ಲ ಈಗ."

ನಾನು ಹೊರಡಲು ಎದ್ದೆ.

"ಒಂದ ಮಾತು ಕೇಳ್ತೀನ್ರಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ — "ವೀರಣ್ಣನ ಜೀಪು ಆಮ್ಯಾಲೆ ಬ್ಯಾರೆ ಯಾರರ ಬಿಚ್ಚಿದ್ರೇನು? ಆ ಎಣ್ಣಿ ಯಾಕ ಸೋರತಿತ್ತು ಅಂತ ಏನರ ಗೊತ್ತಾತೇನ್ರಿ ನಿಮಗ?"

"ಇಲ್ರಿ ಸಾಬ್ರ. ಗೊತ್ತಾಗ್ಲಿಲ್ಲ."

ಅವರು ತಲೆಯಾಡಿಸಿದರು. "ನನ್ನ ಕೈಯಾಗ ಎಲ್ಲೋ ತಪ್ಪಾಗೈತಿ. ಎಲ್ಲಿ ಅಂತ ತಿಳಿಯವಲ್ದು. ಅದು ತಿಳೀಲಾರದ ಇನ್ನೊಬ್ರ ಎಂಜಿನ್ ಹೆಂಗ ಬಿಚ್ಚಲಿ?"

ಊರು ಅವರನ್ನು ನಂಬಲಿಲ್ಲ ಎಂಬುದಷ್ಟೇ ಅಲ್ಲಿಯವರೆಗೆ ನನ್ನ ಲೆಕ್ಕದಲ್ಲಿದ್ದ ಅಪರಾಧ. ಅವರು ತಮ್ಮನ್ನೇ ನಂಬುವುದು ಬಿಟ್ಟಿದ್ದಾರೆ ಎಂಬುದು ಆ ದಿನ ಗೊತ್ತಾಯಿತು. ಗೊತ್ತಾದ ಮೇಲೂ ಗಾಡಿ ಹತ್ತಿ ಬಂದೆ. ಮೊದಲ ಸುಳ್ಳನ್ನು ಹೆದರಿಕೆಯಿಂದ ಹೇಳಿದೆ ಎಂದು ಒಪ್ಪಿಸಬಹುದು. ಇದಕ್ಕೆ ಆ ಹೆಸರೂ ಸಲ್ಲುವುದಿಲ್ಲ. ನಾವಿಬ್ಬರೇ ಇದ್ದೆವು. ಯಾರೂ ನಗುವವರಿರಲಿಲ್ಲ.

ಕಳೆದ ವರ್ಷ ವೀರಣ್ಣ ತೀರಿದ. ಸಾಯುವವರೆಗೂ ಖಾಸಿಂ ಸಾಬರು ಸೀಲು ಕೊಯ್ದರೆಂದೇ ನಂಬಿದ್ದ. ಅವನ ಮಣ್ಣು ಮುಗಿಸಿ ಬರುವಾಗ ಒಂದು ಸರಳ ಸಂಗತಿ ಹೊಳೆಯಿತು. ಹೀಗೇ ಒಂದು ದಿನ ನಾನೂ ಹೋದರೆ, ಆ ಕೈಗಳ ಮೇಲಿನ ತಪ್ಪು ಖಾಯಂ ಆಗುತ್ತದೆ. ಅಳಿಸಬಲ್ಲವನು ಇನ್ನೊಬ್ಬನಿಲ್ಲ. ಆದರೂ ಹೋಗಲು ಮತ್ತೆ ಎಂಟು ತಿಂಗಳು ತೆಗೆದುಕೊಂಡೆ.

ಹರಪನಹಳ್ಳಿಯ ಅವರ ಮನೆಯಲ್ಲಿ, ಮಧ್ಯಾಹ್ನ, ಮಂಚದ ಮೇಲೆ ಕೂತಿದ್ದರು. ನಾನು ಎದುರು ಚಾಪೆಯ ಮೇಲೆ. ಮಹಬೂಬಿ ಒಳಗೆ ಚಹಾಕ್ಕೆ ಇಟ್ಟರು. ಎಲ್ಲವನ್ನೂ ಕ್ರಮವಾಗಿ ಹೇಳಿದೆ, ಕಣದ ಬಳಿ ಜೀಪು ನಿಂತದ್ದರಿಂದ. ಅವರು ನಡುವೆ ಎರಡೇ ಪ್ರಶ್ನೆ ಕೇಳಿದರು.

"ಎಷ್ಟು ಒಳಗ ಹೋಗಿತ್ತು?"

ಬೆರಳಿನಿಂದ ತೋರಿಸಿದೆ.

"ಗ್ಯಾರೇಜಿಗೆ ಬರೋಕಿಂತ ಮೊದ್ಲ ತಗೀತಿದ್ರಿ. ಎರಡೂ ಸಲ?"

"ಎರಡೂ ಸಲ."

ಅವರು ಒಳಗಿನ ಕಡೆಗೆ ತಿರುಗಿ ಹೆಂಡತಿಗೆ ಹೇಳಿದರು, ನನಗಲ್ಲ: "ನಾ ಸರಿ ನೋಡಿದ್ದೆ. ಕೇಳಿದೇನು? ಪೈಪೇ ಅಂದಿದ್ದೆ. ಸರಿ ನೋಡಿದ್ದೆ."

ಮಹಬೂಬಿ ಚಹಾದ ಕಪ್ಪು ಹಿಡಿದು ಬಾಗಿಲಿಗೆ ಬಂದಿದ್ದರು.

"ಒಳಗ ಇಡು" ಎಂದರು ಖಾಸಿಂ ಸಾಬರು.

ಮಹಬೂಬಿ ಕಪ್ಪು ಹಿಡಿದುಕೊಂಡೇ ಒಳಗೆ ಹೋದರು. ನಮ್ಮ ಕಡೆ ಮನೆಗೆ ಬಂದ ವೈರಿಗೂ ಚಹಾ ಕೊಡುತ್ತಾರೆ.

ಇದನ್ನೆಲ್ಲ ಬರೆದು ಅಚ್ಚು ಹಾಕಿಸುತ್ತೇನೆ ಎಂದೆ. ಕ್ಷಮೆ ಎಂಬ ಪದ ಬಾಯಿಗೆ ಬಂದಿತ್ತು, ಅವರು ಕೈ ಎತ್ತಿದರು — ಎಂಜಿನ್ನಿನ ಸದ್ದು ಕೇಳುವಾಗ ಎತ್ತುತ್ತಿದ್ದ ಹಾಗೆಯೇ.

"ಬರೀರಿ. ಬರದ್ರ ನಿಮಗ ಹಗುರಾಕ್ಕೈತಿ. ನನಗ ಬೇಕಾದ್ದು ಅದಲ್ಲ" ಎಂದರು. "ಬಸನಗೌಡ ಅದಾನ ತಂಬ್ರಹಳ್ಯಾಗ. ಹನುಮಂತಪ್ಪ ಅದಾನ. ಗುರುಸಿದ್ದಪ್ಪ ಅದಾನ. ಮೂರೂ ಮಂದಿ ನನ್ನ ಎದುರಿಗೆ ನಿಂತು ಗಾಡಿ ಒಯ್ದೋರು. ಅವರ ಮನಿಗೆ ಹೋಗ್ರಿ. ಅವರ ಎದುರಿಗೆ ನಿಂತು ಬಾಯಿಲೆ ಹೇಳ್ರಿ. ಹೇಳಿದ ಮ್ಯಾಗ ಇಲ್ಲಿಗೆ ಬರೋದು ಬ್ಯಾಡ."

ಮೊದಲು ತಂಬ್ರಹಳ್ಳಿಗೆ ಹೋದೆ. ಹೋದ ಸೋಮವಾರ. ಬಸನಗೌಡರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು, ಜೊತೆಗೆ ಊರಿನ ಇಬ್ಬರು ಹಿರಿಯರು. ನನ್ನ ಗುರುತು ಹಿಡಿದರು, ಬರಹಗಳನ್ನು ಓದುತ್ತಿದ್ದೆ ಎಂದರು.

"ಖಾಸಿಂ ಸಾಬ್ರ ವಿಷಯ ಮಾತಾಡಾಕ ಬಂದೀನ್ರಿ ಗೌಡ್ರ."

"ಯಾವ ಖಾಸಿಂ ಸಾಬು?"

"ಗ್ಯಾರೇಜ್ ಇತ್ತಲ್ರಿ, ಎಣ್ಣಿ ಗಿರಣಿ ಹಿಂದ. ನಿಮ್ಮ ಟ್ರ್ಯಾಕ್ಟರ್ ಅಲ್ಲೇ ಬಿಡ್ತಿದ್ರಿ."

ಗೌಡರು ಹಣೆ ಗಂಟಿಕ್ಕಿ ಯೋಚಿಸಿದರು. ನೆನಪಾಗಲಿಲ್ಲ. ಅವರ ಟ್ರ್ಯಾಕ್ಟರನ್ನು ಎಷ್ಟೋ ವರ್ಷ ಕೂಡಿಸಿ ಕೊಟ್ಟ ಮನುಷ್ಯನ ಹೆಸರು ಹೋಗಿಬಿಟ್ಟಿತ್ತು. ಆಮೇಲೆ ಒಮ್ಮೆಲೆ ಮುಖ ಅರಳಿತು. ತೊಡೆ ತಟ್ಟಿ, ಪಕ್ಕದವರ ಕಡೆ ನೋಡಿ ನಕ್ಕರು.

"ಹಾಂ ಹಾಂ. ಆ ಸೀಲ್ ಕೊಯ್ಯೋ ಸಾಬನೇನು?"

ಅದು ನನ್ನ ವಾಕ್ಯ. ಉಳಿದದ್ದು ಅದೊಂದೇ.

"ಅಲ್ರಿ" ಎಂದೆ. "ಅವ್ರು ಸೀಲು ಕೊಯ್ದಿರ್ಲಿಲ್ಲ. ಅದು ನಾ ಬರದ ಸುಳ್ಳು."

ಗೌಡರ ನಗು ನಿಂತಿತು. ಕೂರ್ರಿ ಎಂದು ಅನ್ನಲಿಲ್ಲ. ಕಟ್ಟೆಯ ಮೇಲಿನ ಮೂವರೂ ನನ್ನನ್ನೇ ನೋಡುತ್ತಿದ್ದರು. ಬಿಸಿಲಿನಲ್ಲಿ ನಿಂತುಕೊಂಡೇ ಪೂರ್ತಿ ಹೇಳಿದೆ. ಮುಗಿದ ಮೇಲೆ ಗೌಡರು ಎದ್ದು ಒಳಗೆ ಹೋದರು.

ಇನ್ನು ಇಬ್ಬರಿದ್ದಾರೆ. ಹನುಮಂತಪ್ಪ ಈಗ ಹಡಗಲಿಯಲ್ಲಿ ಮಗಳ ಮನೆಯಲ್ಲಿದ್ದಾನಂತೆ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ.